ಕ್ವಾಡ್‌ನೈನ್ ಮತ್ತೆ ಡಕ್‌ಡಕ್‌ಗೋ: ಬಳಸಿ ನೋಡಿದ್ಮೇಲೆ ಅನ್ಸಿದ್ದು

ಕ್ವಾಡ್‌ನೈನ್ ಅನ್ನೋ ಡಿಎನ್‌ಎಸ್ ಸೇವೆಗೆ (ಡಿಎನ್‌ಎಸ್ ಅಂದ್ರೇನು ಅಂತ ಕೆಳಗೆ ಹೇಳ್ತೀನಿ) ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಡಕ್‌ಡಕ್‌ಗೋ ಅನ್ನೋ ಸರ್ಚ್ ಎಂಜಿನ್‌ಗೆ ಮೂರೂವರೆ. ಎರಡನ್ನೂ ಒಂದೇ ರಿವ್ಯೂಗೆ ಯಾಕೆ ತುರುಕ್ತಿದೀನಿ ಅಂದ್ರೆ ಸುಮಾರು ಜನ ಇವೆರಡೂ ಒಂದೇ ಸಾಮಾನು ಅಂದ್ಕೊಂಡಿದಾರೆ, "ನಾನು ಡಕ್‌ಡಕ್‌ಗೋ ಹಾಕ್ಕೊಂಡಿದೀನಿ ಗುರು, ನಂದೇನೂ ಯಾರಿಗೂ ಕಾಣಲ್ಲ" ಅಂತಾರೆ, ಇನ್ನೊಬ್ರು ಡಿಎನ್‌ಎಸ್ ಬದಲಾಯಿಸ್ಕೊಂಡು ಗೂಗಲ್‌ಗೆ ಲಾಗಿನ್ ಆಗೇ ಇದ್ದು ಬೆಳಗಿಂದ ಸಂಜೆವರೆಗೂ ಹುಡುಕ್ತಾ ಇರ್ತಾರೆ. ಕ್ವಾಡ್‌ನೈನ್ ನಿಮ್ಮ ಇಂಟರ್‌ನೆಟ್ ಕಂಪ್ನಿ ಕಣ್ಣಿಗೆ ಅಡ್ಡ ಕಟ್ಟತ್ತೆ, ಡಕ್‌ಡಕ್‌ಗೋ ಸರ್ಚ್ ಕಂಪ್ನಿ ಹತ್ರ ನಿಮ್ಮ ಜಾತಕ ಬೆಳೆಯೋದನ್ನ ತಡೆಯತ್ತೆ. ಕೆಲಸ ಬೇರೆ ಬೇರೆ. ಎರಡೂ ಪುಕ್ಕಟೆ ಅನ್ನೋದೊಂದೇ ಹೋಲಿಕೆ.

ಮೊದ್ಲು ಡಿಎನ್‌ಎಸ್. ಸೈಟ್ ಹೆಸರು ಕೊಟ್ರೆ ಅದರ ಐಪಿ ನಂಬರ್, ಅಂದ್ರೆ ಇಂಟರ್‌ನೆಟ್ಟಲ್ಲಿ ಅದರ ವಿಳಾಸ, ಹುಡುಕಿಕೊಡೋ ವ್ಯವಸ್ಥೆ ಇದು, 1983ರಲ್ಲಿ ಶುರುವಾಗಿದ್ದು, ಆಗ ಇಂಟರ್‌ನೆಟ್ ಅಂದ್ರೆ ಯೂನಿವರ್ಸಿಟಿಗಳವರು, ರಿಸರ್ಚ್‌ನವರು ಅಷ್ಟೇ ಇದ್ದಿದ್ದು, ಗುಟ್ಟು ಯಾರಿಗೂ ಬೇಕಿರ್ಲಿಲ್ಲ, ಹಾಗಾಗಿ ಕೇಳೋ ಪ್ರಶ್ನೆ ಬರೋ ಉತ್ತರ ಎಲ್ಲಾ ಬಟಾಬಯಲಲ್ಲೇ ಓಡಾಡ್ತಿತ್ತು. ಈಗ್ಲೂ ನೀವೇನೂ ಬದಲಾಯಿಸದೇ ಇದ್ರೆ ಹೆಚ್ಚುಕಮ್ಮಿ ಅದೇ ಕಥೆ. ತುಂಬಿದ ಬಸ್ಸಲ್ಲಿ ಹಿಂದಿನ ಸೀಟಿಂದ ಕಂಡಕ್ಟರ್‌ಗೆ "ಮದ್ದೂರು ಒಂದು" ಅಂತ ಕೂಗಿದ್ರೆ ನೀವೆಲ್ಲಿಗೆ ಹೋಗ್ತಿದೀರ ಅಂತ ಇಡೀ ಬಸ್ಸಿಗೆ ಗೊತ್ತಾಗತ್ತಲ್ಲ, ಹಾಗೆ. ಎನ್‌ಕ್ರಿಪ್ಟೆಡ್ ಡಿಎನ್‌ಎಸ್ ಅಂದ್ರೆ ಅದನ್ನೇ ಕಂಡಕ್ಟರ್ ಕಿವಿಯಲ್ಲಿ ಹೇಳೋದು. ಬೇರೆಯವರಿಗೆ ಕೇಳಲ್ಲ, ಆದ್ರೆ ಕಂಡಕ್ಟರ್‌ಗೆ ಗೊತ್ತೇ ಇರತ್ತೆ ನೋಡಿ. ಹಾಗಾಗಿ ಯಾವ ಕಂಡಕ್ಟರ್ ಅನ್ನೋದೇ ಇಲ್ಲಿ ಮುಖ್ಯ, ರಿವ್ಯೂ ಬೇಕಾಗಿರೋದೂ ಅದಕ್ಕೇ.

ನಾನು ಕ್ವಾಡ್‌ನೈನ್ ಆರಿಸಿದ್ದು ಸ್ಪೀಡ್ ನೋಡಿ ಅಲ್ಲ. ಸ್ಪೀಡೇ ಬೇಕು ಅಂದ್ರೆ ಕ್ಲೌಡ್‌ಫ್ಲೇರ್ ಕಂಪ್ನಿಯ ಡಿಎನ್‌ಎಸ್ 1.1.1.1 ಹಾಕ್ಕೊಳಿ, 2018ರ ಏಪ್ರಿಲ್ ಒಂದಕ್ಕೆ ಬಿಟ್ರು ಅದನ್ನ, ಜನ ಏಪ್ರಿಲ್ ಫೂಲ್ ಅಂದ್ಕೊಳ್ಳೋ ದಿನಾನೇ, ಅವರ ಡೇಟಾ ಸೆಂಟರ್ ಬೆಂಗಳೂರಲ್ಲೇ ಇದೆ. ಗೂಗಲ್‌ನ 8.8.8.8 ಅಂತೂ 2009ರಿಂದ ಇದೆ, ಗಟ್ಟಿಮುಟ್ಟಾಗಿದೆ, ಆದ್ರೆ ಅದು ನೀವು ಏನು ಕೇಳಿದ್ರಿ ಅನ್ನೋ ಲಾಗ್‌ನ ನಿಮ್ಮ ಐಪಿ ಸಮೇತ ಒಂದೆರಡು ದಿನ ಇಟ್ಕೊಳತ್ತೆ, ಮತ್ತೆ ಗೂಗಲ್‌ಗೆ ಈಗಾಗ್ಲೇ ಗೊತ್ತಿರೋದು ಸಾಲದಾ ಅಂತ ನಂಗನ್ಸತ್ತೆ. ಕ್ವಾಡ್‌ನೈನ್ ಲಾಭಕ್ಕೆ ನಡೆಯೋ ಕಂಪ್ನಿ ಅಲ್ಲ. 2017ರ ನವೆಂಬರ್‌ನಲ್ಲಿ ಐಬಿಎಂ ಮತ್ತೆ ಇನ್ನೆರಡು ಸಂಸ್ಥೆ ಸೇರಿ ಶುರು ಮಾಡಿದ್ದು, 2021ರಲ್ಲಿ ಅಮೆರಿಕ ಬಿಟ್ಟು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಬಿಡಾರ ಬದಲಾಯಿಸ್ತು, ಅಲ್ಲಿನ ಪ್ರೈವೆಸಿ ಕಾನೂನು ಬಿಗಿ ಅಂತ. ಬಳಸೋರ ಐಪಿ ಅಡ್ರೆಸ್ ಬರೆದಿಡೋದೇ ಇಲ್ಲ ಅಂತಾರೆ. ಬಾಯಲ್ಲಿ ಎಲ್ರೂ ಹೇಳ್ತಾರೆ, ಸರಿ, ಆದ್ರೆ ಇವರ ಮೇಲೆ ನಂಗೆ ಗೌರವ ಬಂದಿದ್ದು ಸೋನಿ ಮ್ಯೂಸಿಕ್ ಕೇಸಿಂದ. ಪೈರಸಿ ಲಿಂಕ್ ಇರೋ ಸೈಟೊಂದನ್ನ ನೀವು ತೋರಿಸ್ಬಾರದು ಅಂತ ಜರ್ಮನಿಯಲ್ಲಿ ಸೋನಿ ಕೇಸ್ ಹಾಕ್ತು, ಕೆಳಗಿನ ಕೋರ್ಟ್‌ಗಳಲ್ಲಿ ಇವರು ಸೋತರು, ಸುಮ್ನೆ ತಲೆಬಾಗದೆ ಹೋರಾಡಿ 2023ರ ಡಿಸೆಂಬರ್‌ನಲ್ಲಿ ಡ್ರೆಸ್ಡೆನ್ ಕೋರ್ಟಲ್ಲಿ ಗೆದ್ರು. ದಾನದ ದುಡ್ಡಲ್ಲಿ ನಡೆಯೋ ಸಂಸ್ಥೆ ಇಷ್ಟು ಮಾಡೋದು ಸಣ್ಣ ವಿಷ್ಯ ಅಲ್ಲ.

ಆಂಡ್ರಾಯ್ಡಲ್ಲಿ ಹಾಕೋದು ಎರಡು ನಿಮಿಷದ ಕೆಲಸ, ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಿರ್ಬೇಕು ಅಷ್ಟೇ. ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಪ್ರೈವೇಟ್ ಡಿಎನ್‌ಎಸ್. ಎಲ್ರೂ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ, ಕ್ವಾಡ್‌ನೈನ್ ನಂಬರ್ 9.9.9.9 ಅಂತ ಹೊಡೀತಾರೆ, ಸೇವ್ ಬಟನ್ ಬೂದು ಬಣ್ಣದಲ್ಲೇ ಕೂತಿರತ್ತೆ, ಒತ್ತಿದ್ರೂ ಒತ್ತಲ್ಲ. ಅದಕ್ಕೆ ನಂಬರ್ ಬೇಡ, ಹೆಸರು ಬೇಕು: ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್, ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಸ್ಪೇಸ್ ಇಲ್ದೆ, ಮುಂದೆ ಎಚ್‌ಟಿಟಿಪಿಎಸ್ ಗಿಚ್‌ಟಿಟಿಪಿಎಸ್ ಏನೂ ಇಲ್ದೆ. ಆಮೇಲೆ ಬ್ರೌಸರ್‌ನಲ್ಲಿ ಆನ್ ಡಾಟ್ ಕ್ವಾಡ್9 ಡಾಟ್ ನೆಟ್ ತೆಗೆದು ನೋಡಿ, ಯೆಸ್ ಅಥವಾ ನೋ ಅಂತ ದಪ್ಪಕ್ಷರದಲ್ಲಿ ಹೇಳ್ಬಿಡತ್ತೆ. ಕೆಲವರು ರೌಟರ್ ಪೇಜಲ್ಲಿ 9.9.9.9 ಹಾಕಿ ಆಯ್ತು ಅಂತ ಕೂತ್ಬಿಡ್ತಾರೆ, ಅದು ಕಂಡಕ್ಟರ್‌ನ ಬದಲಾಯಿಸಿದ್ದು ಅಷ್ಟೇ, ಕೂಗೋದು ನಿಂತಿಲ್ಲ. ಅದೂ ಅಲ್ದೆ ಕೆಲವು ಇಂಟರ್‌ನೆಟ್ ಕಂಪ್ನಿಗಳು ಬಯಲಲ್ಲಿ ಹೋಗೋ ಡಿಎನ್‌ಎಸ್‌ನ ದಾರಿಯಲ್ಲೇ ಹಿಡಿದು ತಮ್ಮ ಸರ್ವರ್‌ಗೆ ತಿರುಗಿಸ್ಕೊಳ್ತವೆ. ನಮ್ಮನೆ ಹಳೇ ಕನೆಕ್ಷನ್‌ನಲ್ಲಿ ಇದೇ ಆಗ್ತಿತ್ತು, ರೌಟರ್‌ನಲ್ಲಿ ಏನೇ ಬರೆದ್ರೂ ಆ ಪೇಜು ನೋ ಅಂತಾನೇ ಹೇಳ್ತಿತ್ತು, ಕಸ್ಟಮರ್ ಕೇರ್ ಹುಡುಗನಿಗೆ ಕೇಳಿದ್ರೆ "ಸರ್ ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅಂದ. ಫೋನಲ್ಲಿ ಎನ್‌ಕ್ರಿಪ್ಟೆಡ್ ಹಾಕಿದ ಮೇಲೆ ಯೆಸ್ ಬಂತು.

ಕ್ವಾಡ್‌ನೈನ್‌ನ ಇನ್ನೊಂದು ಲಾಭ ಮನೆ ಹಿರಿಯರ ಫೋನಿಗೆ. ವೈರಸ್ಸು, ಮೋಸದ ಸೈಟು ಅಂತ ಪಟ್ಟಿಯಲ್ಲಿರೋ ಹೆಸರು ಕೇಳಿದ್ರೆ ಇದು ಉತ್ತರಾನೇ ಕೊಡಲ್ಲ, ಪೇಜ್ ತೆರೆಯೋದೇ ಇಲ್ಲ. "ಇವತ್ತು ರಾತ್ರಿ ಕರೆಂಟ್ ಕಟ್ ಆಗತ್ತೆ, ಬಿಲ್ ಅಪ್‌ಡೇಟ್ ಮಾಡಿ" ಅಂತ ಬರೋ ಮೆಸೇಜ್‌ಗಳ ಕಾಲದಲ್ಲಿ ಇಷ್ಟಾದ್ರೂ ಇರ್ಲಿ ಅಂತ ಅಪ್ಪನ ಫೋನಿಗೂ ಹಾಕಿದೀನಿ. ಆದ್ರೆ ಇದೇ ರಕ್ಷಾಕವಚ ಅಂತ ಹೇಳಿ ನೆಮ್ಮದಿಯಾಗಿ ಮಲಗ್ಬೇಡಿ ದಯವಿಟ್ಟು. ಇವತ್ತು ಬೆಳಗ್ಗೆ ಹುಟ್ಟಿದ ಮೋಸದ ಸೈಟು ಪಟ್ಟಿಗೆ ಬಂದಿರಲ್ಲ, ವಾಟ್ಸ್ಯಾಪಲ್ಲಿ ಮದುವೆ ಆಮಂತ್ರಣ ಅಂತ ಬರೋ ಎಪಿಕೆ ಫೈಲಿಗೂ (ಆಪ್ ಇನ್‌ಸ್ಟಾಲ್ ಮಾಡೋ ಫೈಲ್) ಡಿಎನ್‌ಎಸ್‌ಗೂ ಅಂತೂ ಸಂಬಂಧಾನೇ ಇಲ್ಲ, ಫೈಲ್ ಬಂದಾಗಿದೆ, ಒತ್ತಿದ್ರೆ ಕಥೆ ಮುಗೀತು. ಇನ್ನೊಂದು ಕೊರತೆ, ತಡೆದಾಗ ಯಾಕೆ ತಡೆದೆ ಅಂತ ಹೇಳಲ್ಲ, ಸುಮ್ನೆ ಸೈಟ್ ಸಿಗ್ತಿಲ್ಲ ಅಂತ ಬರತ್ತೆ, ನೆಟ್ ಹೋಗಿದೆ ಅಂದ್ಕೊಂಡು ಅಪ್ಪ ನಂಗೆ ಫೋನ್ ಮಾಡ್ತಾರೆ. ಜಾಹೀರಾತನ್ನೂ ಇದು ತಡೆಯಲ್ಲ, ಅದು ಬೇಕಿದ್ರೆ ಆಡ್‌ಗಾರ್ಡ್ ಡಿಎನ್‌ಎಸ್ ಅಥವಾ ನೆಕ್ಸ್ಟ್‌ಡಿಎನ್‌ಎಸ್ ನೋಡಿ, ನೆಕ್ಸ್ಟ್‌ಡಿಎನ್‌ಎಸ್ ತಿಂಗಳಿಗೆ ಮೂರು ಲಕ್ಷ ಪ್ರಶ್ನೆವರೆಗೂ ಫ್ರೀ, ಒಂದು ಸಂಸಾರಕ್ಕೆ ಸಾಕಾಗ್ಬಹುದು, ಫೋನು ಟಿವಿ ಜಾಸ್ತಿ ಇದ್ರೆ ಸಾಲಲ್ಲ.

ಅರ್ಧ ಸ್ಟಾರ್ ಕಟ್ ಮಾಡಿದ್ದು ಪಬ್ಲಿಕ್ ವೈಫೈ ಕಾಟಕ್ಕೆ, ಇದರಲ್ಲಿ ಕ್ವಾಡ್‌ನೈನ್ ತಪ್ಪೇನಿಲ್ಲ, ಬೇರೆ ಪ್ರೈವೇಟ್ ಡಿಎನ್‌ಎಸ್ ಹಾಕಿದ್ರೂ ಸಾಮಾನ್ಯವಾಗಿ ಆಗೋದೇ. ಆಂಡ್ರಾಯ್ಡಿನ ಈ ಸೆಟ್ಟಿಂಗು ಸಾಮಾನ್ಯವಾಗಿ ಪೋರ್ಟ್ 853ರಲ್ಲಿ ಮಾತಾಡತ್ತೆ (ಪೋರ್ಟ್ ಅಂದ್ರೆ ಡೇಟಾ ಹೋಗಿಬರೋ ಬಾಗಿಲಿನ ನಂಬರ್), ಆಫೀಸು ಕಾಲೇಜುಗಳಲ್ಲಿ ಆ ಪೋರ್ಟ್ ಮುಚ್ಚಿಟ್ಟಿದ್ರೆ ವೈಫೈ ಫುಲ್ ಕಡ್ಡಿ ಇರತ್ತೆ, ಇಂಟರ್‌ನೆಟ್ ಮಾತ್ರ ಇರಲ್ಲ, "ಖಾಸಗಿ ಡಿಎನ್‌ಎಸ್ ಸರ್ವರ್ ಅನ್ನು ಪ್ರವೇಶಿಸಲು ಸಾಧ್ಯವಿಲ್ಲ" ಅಂತ ಒಂದು ಸಾಲು ಬಂದು ಕೂರತ್ತೆ. ಆಗ ಆಟೋಮ್ಯಾಟಿಕ್‌ಗೆ ಹಾಕಿ, ಹೊರಗೆ ಬಂದ್ಮೇಲೆ ಮತ್ತೆ ಹಾಕ್ಕೊಳಿ. ಎನ್‌ಕ್ರಿಪ್ಟೆಡ್ ಡಿಎನ್‌ಎಸ್‌ನದೇ ಇನ್ನೊಂದು ಬಗೆ, ಬ್ರೌಸರ್ ಒಳಗೆ ಹಾಕೋ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್‌ಗೆ ಈ ತಾಪತ್ರಯ ಕಮ್ಮಿ, ಅದು ಮಾಮೂಲಿ ಸೈಟುಗಳು ಓಡೋ 443ರಲ್ಲೇ ಬೆರೆತು ಹೋಗತ್ತೆ, ಫೈರ್‌ಫಾಕ್ಸ್ ಕ್ರೋಮ್ ಎರಡರಲ್ಲೂ ಇದೆ.

ಈಗ ಯೂಟ್ಯೂಬ್‌ನವರು ಹೇಳದೇ ಇರೋ ಮಾತು. ಕಿವಿಯಲ್ಲಿ ಹೇಳಿ ಟಿಕೆಟ್ ತಗೊಂಡ್ರೂ ಮದ್ದೂರಲ್ಲಿ ಇಳಿಯುವಾಗ ಎಲ್ರೂ ನೋಡ್ತಾರೆ. ಸೈಟಿಗೆ ಕನೆಕ್ಟ್ ಆಗೋ ಮೊದಲ ಹೆಜ್ಜೆಯಲ್ಲೇ ಬ್ರೌಸರ್ ಆ ಸೈಟಿನ ಹೆಸರನ್ನ ಬಯಲಲ್ಲಿ ಹೇಳತ್ತೆ, ಎಸ್‌ಎನ್‌ಐ ಅಂತಾರೆ ಅದಕ್ಕೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು 2019ರಲ್ಲೇ ತೋರಿಸಿದ್ರು, ಜಿಯೋ ಈ ಎಸ್‌ಎನ್‌ಐ ನೋಡಿಯೇ ಸೈಟ್ ಬ್ಲಾಕ್ ಮಾಡ್ತಿತ್ತು ಅಂತ. ಅಂದ್ರೆ ಡಿಎನ್‌ಎಸ್ ಬದಲಾಯಿಸಿದ್ರೂ ಕಂಪ್ನಿ ಮನಸ್ಸು ಮಾಡಿದ್ರೆ ಹೆಸರು ಕಾಣತ್ತೆ. ಇದನ್ನೂ ಮುಚ್ಚೋಕೆ ಇಸಿಎಚ್ ಅಂತ ಬಂದಿದೆ, ಕ್ರೋಮ್ ಫೈರ್‌ಫಾಕ್ಸ್ 2023ರಿಂದ ಮಾಡ್ತಿವೆ, ಆದ್ರೆ ಸೈಟ್ ಕಡೆಯವರೂ ಒಪ್ಬೇಕು, ಎಲ್ಲರೂ ಒಪ್ಪಿಲ್ಲ ಇನ್ನೂ. ಎಲ್ಲಾ ಓಡಾಟಾನೂ ಬೇರೆ ಸರ್ವರ್ ಮೂಲಕ ಗುಟ್ಟಾಗಿ ಕಳ್ಸೋ ವಿಪಿಎನ್ ಹಾಕ್ಕೊಳ್ಳೋಣ ಅಂದ್ರೆ 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ವಿಪಿಎನ್ ಕಂಪ್ನಿಗಳಿಗೆ ಗ್ರಾಹಕರ ವಿವರ ಐದು ವರ್ಷ ಇಟ್ಕೊಳಿ ಅಂತ ಆದೇಶ ಹೊರಡಿಸ್ತು, ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮೂರೂ ಭಾರತದಲ್ಲಿದ್ದ ಸರ್ವರ್ ಕಿತ್ಕೊಂಡು ಹೋದ್ವು. ಅದು ಬೇರೆ ರಾಮಾಯಣ, ಬಿಡಿ.

ಸರ್ಚ್‌ಗೆ ಬರೋಣ. "ಇನ್‌ಕಾಗ್ನಿಟೋ ಇದ್ಯಲ್ಲ" ಅನ್ನೋರಿಗೆ: ಇನ್‌ಕಾಗ್ನಿಟೋ ನಿಮ್ಮ ಹೆಂಡ್ತಿಗೋ ತಮ್ಮನಿಗೋ ಹಿಸ್ಟರಿ ಕಾಣದ ಹಾಗೆ ಮಾಡತ್ತೆ, ಗೂಗಲ್‌ಗಲ್ಲ. ಈ ವಿಷ್ಯಕ್ಕೇ ಅಮೆರಿಕದಲ್ಲಿ ಕೇಸ್ ಆಗಿ 2024ರಲ್ಲಿ ಗೂಗಲ್ ಕೋಟಿಗಟ್ಟಲೆ ದಾಖಲೆ ಅಳಿಸ್ತೀವಿ ಅಂತ ಒಪ್ಕೊಂಡು ರಾಜಿ ಮಾಡ್ಕೊಳ್ತು. "ನಂಗೇನು ಮುಚ್ಚಿಡೋದಿದೆ" ಅನ್ನೋರೂ ಇದಾರೆ. 2006ರಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪ್ನಿ ಎಒಎಲ್ ರಿಸರ್ಚ್‌ಗೆ ಅಂತ ಸುಮಾರು ಆರೂವರೆ ಲಕ್ಷ ಜನರ ಎರಡು ಕೋಟಿ ಹುಡುಕಾಟಗಳನ್ನ ಹೆಸರು ತೆಗೆದು ಬರೀ ನಂಬರ್ ಹಾಕಿ ಬಿಡ್ತು, ಪತ್ರಿಕೆಯವರು ಆ ಹುಡುಕಾಟಗಳನ್ನೇ ಜೋಡಿಸಿ ಒಬ್ಬ ಹೆಂಗಸಿನ ಮನೆ ಬಾಗಿಲಿಗೇ ಹೋಗಿ ನಿಂತ್ರು. ಹೆಸರು ಬೇಕಾಗೇ ಇಲ್ಲ, ಏನು ಹುಡುಕ್ತೀವೋ ಅದೇ ನಾವು. ಮೂಲವ್ಯಾಧಿ, ಮಕ್ಕಳಾಗದ ಚಿಂತೆ, ಸಾಲದ ಕಂತು, ಕೆಲಸ ಬಿಡೋ ಯೋಚನೆ, ಇದನ್ನೆಲ್ಲ ಮನೆಯವರಿಗಿಂತ ಮೊದಲು ಹೇಳ್ಕೊಳೋದು ಸರ್ಚ್ ಬಾಕ್ಸ್ ಹತ್ರ. ಪ್ರೈವೆಸಿ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳು ಹೇಳಿದ್ರಲ್ಲ, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿಂದ ನಿವೃತ್ತರಾಗಿದ್ದ ಜಸ್ಟಿಸ್ ಪುಟ್ಟಸ್ವಾಮಿಯವರು, ಅವರಿಗೂ ಮುಚ್ಚಿಡೋದು ಏನೋ ಇತ್ತು ಅಂತ ಯಾರೂ ಅನ್ಲಿಲ್ಲ.

ಡಕ್‌ಡಕ್‌ಗೋ 2008ರಿಂದ ಇದೆ. ನೀವು ಮಿಕ್ಸಿ ಅಂತ ಹುಡುಕಿದ್ರೆ ಮಿಕ್ಸಿ ಜಾಹೀರಾತು ತೋರಿಸತ್ತೆ, ಅಲ್ಲಿಗೆ ಮರೆತುಬಿಡತ್ತೆ, ಆ ಮಿಕ್ಸಿ ನಿಮ್ಮನ್ನ ಎರಡು ವಾರ ಅಟ್ಟಿಸ್ಕೊಂಡು ಬರಲ್ಲ. ಇಂಗ್ಲಿಷಲ್ಲಿ ದಿನನಿತ್ಯ ಹುಡುಕೋದಕ್ಕೆ ಆರಾಮಾಗಿ ಸಾಕು. ಫಲಿತಾಂಶ ಬಹುಪಾಲು ಮೈಕ್ರೋಸಾಫ್ಟ್‌ನ ಬಿಂಗ್‌ದು, ಜಾಹೀರಾತೂ ಅವರದ್ದೇ, ಮ್ಯಾಪ್ ಆಪಲ್‌ದು. ಹಾಗಾಗಿ ನಮ್ಮ ಏರಿಯಾ ಜೆರಾಕ್ಸ್ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ ಅನ್ನೋ ಥರದ್ದಕ್ಕೆ ಗೂಗಲ್ ಮ್ಯಾಪ್ ಜೊತೆ ಹೋಲಿಸೋ ಹಾಗೇ ಇಲ್ಲ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕೋರಿಗೂ ಗೂಗಲ್‌ನಷ್ಟು ಆಳ ಸಿಗಲ್ಲ. ಇದಕ್ಕೇ ಒಂದೂವರೆ ಸ್ಟಾರ್ ಕಟ್. ಸಮಾಧಾನಕ್ಕೆ ಬ್ಯಾಂಗ್ ಅಂತ ಒಂದಿದೆ, ಆಶ್ಚರ್ಯಚಿಹ್ನೆ ಪಕ್ಕ ಜಿ ಅಕ್ಷರ ಹಾಕಿ ಹುಡುಕಿದ್ರೆ ನೇರ ಗೂಗಲ್‌ಗೆ, ಡಬ್ಲ್ಯೂ ಹಾಕಿದ್ರೆ ವಿಕಿಪೀಡಿಯಾಗೆ ಹೋಗತ್ತೆ, ಅಭ್ಯಾಸ ಆದ್ಮೇಲೆ ಬಿಡೋಕಾಗಲ್ಲ. ಜಿ ಹಾಕಿ ಹೋದಾಗ ನೀವು ಗೂಗಲ್ ಮನೆಯಲ್ಲೇ ಇದೀರ ಅನ್ನೋದು ನೆನಪಿರ್ಲಿ, ಗುಟ್ಟು ಗಿಟ್ಟು ಅಲ್ಲಿಗೆ ಮುಗೀತು.

ಇವರೂ ಹಾಲಲ್ಲಿ ಮಿಂದವರಲ್ಲ. 2022ರಲ್ಲಿ ಅವರ ಬ್ರೌಸರ್ ಬೇರೆಯವರ ಟ್ರ್ಯಾಕರ್ (ಸೈಟಿಂದ ಸೈಟಿಗೆ ನಿಮ್ಮ ಬೆನ್ನು ಹತ್ತೋ ಕೋಡ್) ತಡೆದು ಮೈಕ್ರೋಸಾಫ್ಟ್‌ದನ್ನ ಮಾತ್ರ ಒಳಗೆ ಬಿಡ್ತಿತ್ತು ಅಂತ ಸಿಕ್ಕಿಬಿದ್ರು, ಒಪ್ಪಂದ ಹಾಗಿತ್ತು ಅಂದ್ರು, ಗಲಾಟೆ ಆದ್ಮೇಲೆ ಸರಿಮಾಡಿದ್ರು. ಅದು ಬ್ರೌಸರ್ ವಿಷ್ಯ, ಸರ್ಚ್‌ದಲ್ಲ, ಆದ್ರೂ ಪ್ರೈವೆಸಿ ಅಂತ ಬೋರ್ಡ್ ಹಾಕ್ಕೊಂಡೋರು ಹಾಗೆ ಮಾಡ್ಬಾರದಿತ್ತು. ಬಿಂಗ್ ಹಂಗೇ ಬೇಡ ಅನ್ನೋರಿಗೆ ಬ್ರೇವ್ ಸರ್ಚ್ ಇದೆ, 2021ರಲ್ಲಿ ಬಂತು, 2023ರಿಂದ ಪೂರ್ತಿ ಸ್ವಂತ ಇಂಡೆಕ್ಸ್, ಅಂದ್ರೆ ಸೈಟುಗಳ ಪಟ್ಟಿ ಅವರೇ ಮಾಡ್ಕೊಂಡಿದ್ದು. ಗೂಗಲ್ ಫಲಿತಾಂಶಾನೇ ಬೇಕು ಗೂಗಲ್ ಬೇಡ ಅಂದ್ರೆ ನೆದರ್ಲೆಂಡ್ಸಿನ ಸ್ಟಾರ್ಟ್‌ಪೇಜ್, ಮಧ್ಯವರ್ತಿ ಥರ ಕೇಳಿ ತಂದ್ಕೊಡತ್ತೆ, ಆದ್ರೆ ಅದಕ್ಕೆ 2019ರಲ್ಲಿ ದುಡ್ಡು ಹಾಕಿದ್ದು ಒಂದು ಜಾಹೀರಾತು ಕಂಪ್ನಿ. ಕಾಗಿ ಅನ್ನೋ ಸರ್ಚ್ ಎಂಜಿನ್‌ಗೆ ಜಾಹೀರಾತೇ ಇಲ್ಲ, ದುಡ್ಡು ಕೊಡ್ಬೇಕು, ತಿಂಗಳಿಗೆ ಐದು ಡಾಲರ್‌ಗೆ 300 ಸರ್ಚ್, ಹತ್ತು ಡಾಲರ್‌ಗೆ ಎಷ್ಟು ಬೇಕಾದ್ರೂ. ಚೆನ್ನಾಗಿದೆ, ಆದ್ರೆ ಆ ದುಡ್ಡಿಗೆ ಇಲ್ಲಿ ಒಂದು ತಿಂಗಳ ಬ್ರಾಡ್‌ಬ್ಯಾಂಡ್ ಬರತ್ತೆ.

ನನ್ನ ಫೋನಲ್ಲಿ ಈಗಿರೋದು ಹೀಗೆ: ಡಿಎನ್‌ಎಸ್ ಕ್ವಾಡ್‌ನೈನ್, ಫೈರ್‌ಫಾಕ್ಸಲ್ಲಿ ಡೀಫಾಲ್ಟ್ ಡಕ್‌ಡಕ್‌ಗೋ, ಕನ್ನಡ ಹುಡುಕಾಟಕ್ಕೂ ಅಂಗಡಿ ವಿಳಾಸಕ್ಕೂ ಗೂಗಲ್, ಅದೂ ಲಾಗಿನ್ ಆಗ್ದೆ. ಹೊಸ ಆಂಡ್ರಾಯ್ಡ್ ಫೋನ್ ತಗೊಳೋರು ಶುರುವಲ್ಲಿ ಸರ್ಚ್ ಎಂಜಿನ್ ಆರಿಸಿ ಅಂತ ಸ್ಕ್ರೀನ್ ಬಂದ್ರೆ ಸುಮ್ನೆ ಮುಂದೆ ಒತ್ಬೇಡಿ, 2022ರಲ್ಲಿ ಭಾರತದ ಸ್ಪರ್ಧಾ ಆಯೋಗ (ಸಿಸಿಐ) ಗೂಗಲ್‌ಗೆ 1337 ಕೋಟಿ ದಂಡ ಹಾಕಿದ ಮೇಲೆ ಒಪ್ಕೊಂಡ ಆಯ್ಕೆ ಅದು. ಐಫೋನಿನವರಿಗೆ ಸೆಟ್ಟಿಂಗ್ಸಲ್ಲಿ ಹೆಸರು ಹೊಡೆಯೋ ಜಾಗ ಇಲ್ಲ, ಪ್ರೊಫೈಲ್ ಫೈಲ್ ಇನ್‌ಸ್ಟಾಲ್ ಮಾಡ್ಬೇಕು, ಅದನ್ನ ಕ್ವಾಡ್‌ನೈನ್ ಸೈಟಿಂದಾನೇ ತಗೊಳಿ, ಯಾರೋ ಟೆಲಿಗ್ರಾಂ ಗ್ರೂಪಲ್ಲಿ ಹಾಕಿದ್ದನ್ನ ಹಾಕ್ಕೊಂಡ್ರೆ ನಿಮ್ಮ ಪ್ರಶ್ನೆಗಳೆಲ್ಲ ಅವನ ಸರ್ವರ್‌ಗೆ ಎನ್‌ಕ್ರಿಪ್ಟ್ ಆಗಿ ಭದ್ರವಾಗಿ ಹೋಗ್ತವೆ.