ತಾತನ ಕತ್ತಿ ಹಾಳು ಮಾಡಿದ ಹಳೇ ಮಸೆಗಲ್ಲು

ಹಳೇ ಕಾಲದ ಕ್ಷೌರದ ಮಸೆಗಲ್ಲನ್ನು ಆನ್‌ಲೈನ್‌ನಲ್ಲಿ ನೋಡಿ ಕೈ ತುರಿಸುತ್ತಿದ್ದರೆ, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ. ಕಲ್ಲಿಗೆ ನಾನು ಕೊಟ್ಟಿದ್ದು 1,800 ರೂಪಾಯಿ. ಅದು ಹಾಳಾಗಿ ಹೋಗಲಿ. ತಾತನ ಕತ್ತಿ ಒಂದೇ ಸಂಜೆಯಲ್ಲಿ ಮುಕ್ಕಾಯಿತಲ್ಲ, ಹೊಟ್ಟೆ ಉರಿಯೋದು ಅದಕ್ಕೆ.

ಕತ್ತಿ ಜರ್ಮನಿಯ ಸೋಲಿಂಗೆನ್ ಊರಿನದು, ಮಡಚುವಂಥದ್ದು. ಕ್ಯಾತ್ಸಂದ್ರದ ಹಳೇ ಮನೆಯ ಟ್ರಂಕಿನಲ್ಲಿ, ಪಂಚೆ ತುಂಡಿನಲ್ಲಿ ಸುತ್ತಿಟ್ಟಿತ್ತು. ಒಂದು ಚುಕ್ಕೆ ತುಕ್ಕಿರಲಿಲ್ಲ. ಒಂದು ವರ್ಷದಿಂದ ಅದರಲ್ಲೇ ಗಡ್ಡ ತೆಗೆಯುತ್ತಿದ್ದೆ. ಈಚೆಗೆ ತೊಗಲಿನ ಪಟ್ಟಿಗೆ ಎಷ್ಟು ಎಳೆದರೂ ಗಲ್ಲದ ಹತ್ತಿರ ಕೂದಲು ಜಗ್ಗುತ್ತಿತ್ತು. ಈಗ ಸಲೂನುಗಳಲ್ಲೆಲ್ಲ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ, ಮಸೆಯುವ ಮಾತೇ ಇಲ್ಲ. ಕೇಳೋಣ ಅಂದರೆ ಯಾರೂ ಇಲ್ಲ ಅಂದುಕೊಂಡು, ಹಳೇ ಸಾಮಾನು ಮಾರುವ ಒಬ್ಬರ ಜಾಹೀರಾತು ನಂಬಿದೆ. 'ನೂರು ವರ್ಷದ ಕಲ್ಲು, ಬಳಸಿಯೇ ಇಲ್ಲ' ಅಂತ ಬರೆದಿದ್ದರು. ಫೋಟೋದಲ್ಲಿ ಕಲ್ಲಿನ ಮೂಲೆಯನ್ನು ಹೆಬ್ಬೆರಳಲ್ಲಿ ಹಿಡಿದಿದ್ದರು. ಆ ಬೆರಳು ಅಲ್ಲಿ ಯಾಕಿತ್ತು ಅಂತ ಆಮೇಲೆ ಗೊತ್ತಾಯಿತು.

ಈ ಕಲ್ಲುಗಳಲ್ಲಿ ಹೆಚ್ಚಿನವು ನೆಲದಿಂದ ಅಗೆದು ತೆಗೆದವಲ್ಲ. ಗಟ್ಟಿ ಪುಡಿಯನ್ನು ಕಲಸಿ, ಅಚ್ಚಿಗೆ ಒತ್ತಿ, ಸುಟ್ಟು ಮಾಡಿದವು. 1891ರ ಹೊತ್ತಿಗೆ ಅಮೆರಿಕದ ಎಡ್ವರ್ಡ್ ಅಚೆಸನ್ ಸಿಲಿಕಾನ್ ಕಾರ್ಬೈಡ್ ಅನ್ನುವ ಅಂಥದ್ದೊಂದು ಗಟ್ಟಿ ಪುಡಿ ಮಾಡುವ ದಾರಿ ಕಂಡುಕೊಂಡು ಅದಕ್ಕೆ ಕಾರ್ಬೊರಂಡಮ್ ಅಂತ ಹೆಸರಿಟ್ಟರು. ಅದೇ ಹೆಸರಿನ ಕಂಪನಿ ಕ್ಷೌರಿಕರಿಗೆಂದೇ ಪುಟ್ಟ ಕಲ್ಲುಗಳನ್ನು ಮಾರುತ್ತಿತ್ತು. ಈಗಿನ ಸ್ಲೊವೇನಿಯಾದ ಮಾರಿಬೋರ್ ಊರಿನ ಸ್ವಾಟಿ ಕಂಪನಿಯ ಕಲ್ಲನ್ನೂ ಜನ ಇವತ್ತಿಗೂ ಹುಡುಕುತ್ತಾರೆ. ಎಲ್ಲವೂ ಅಂಗೈಗೆ ಹಿಡಿಯುವ ಗಾತ್ರ. ಗಿರಾಕಿ ಕುರ್ಚಿಯಲ್ಲಿ ಕೂತಿರುವಾಗಲೇ ನಾಲ್ಕು ಸಲ ಎಳೆದು, ತೊಗಲಿಗೆ ಒರೆಸಿ, ಕೆಲಸ ಮುಂದುವರಿಸಬೇಕಿತ್ತಲ್ಲ, ಅದಕ್ಕೆ.

ನಾಲ್ಕು ಸಲ. ನಾನು ಎಳೆದದ್ದು ಎಪ್ಪತ್ತು ಸಲ! ಅದೂ ಅಡುಗೆಮನೆ ಚಾಕು ಮಸೆಯುವ ಹಾಗೆ ಒತ್ತಿ ಒತ್ತಿ.

ಪಾರ್ಸೆಲ್ ಬಂದಾಗ ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ಆಹಾ, ಎಷ್ಟು ನುಣುಪು ಅಂತ ಖುಷಿಪಟ್ಟೆ. ಅದು ನುಣುಪಲ್ಲ, ಎಷ್ಟೋ ವರ್ಷದ ಎಣ್ಣೆ, ಒಣಗಿದ ಸೋಪು, ಕಬ್ಬಿಣದ ಪುಡಿ ಸೇರಿ ಕೂತ ಜಿಡ್ಡು. ಹೆಬ್ಬೆರಳಿದ್ದ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಅಷ್ಟೇ ತಾನೇ ಅಂತ ಸುಮ್ಮನಾದೆ. ಮಸೆಯುವಾಗ ಎರಡು ಮೂರು ಸಲ 'ಟಿಕ್' ಅಂದಿತು. ಆಗಲೂ ನಿಲ್ಲಿಸಲಿಲ್ಲ ನೋಡಿ.

ಮಾರನೇ ದಿನ ಮೊದಲ ಎಳೆತಕ್ಕೇ ಕಿವಿಯ ಕೆಳಗೆ ರಕ್ತ. ಪಟಿಕದ ಕಲ್ಲು ಉಜ್ಜಿದರೂ ಬೇಗ ನಿಲ್ಲಲಿಲ್ಲ. ನನ್ನ ಹೆಂಡತಿ ಟವೆಲ್ ಕೊಟ್ಟು, "ಎಂಟು ರೂಪಾಯಿಗೆ ಬ್ಲೇಡ್ ಸಿಗತ್ತಲ್ಲಾ" ಅಂದಳು. ಉತ್ತರ ಇರಲಿಲ್ಲ.

ಕೊನೆಗೆ ಚಿಕ್ಕಪೇಟೆಯಲ್ಲಿ ತಾತನಿಗೆ ಗಡ್ಡ ಮಾಡುತ್ತಿದ್ದ ಯಜಮಾನರ ಹತ್ತಿರ ಹೋದೆ. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ, ಇವರು ಬಾಗಿಲ ಹತ್ತಿರ ಪೇಪರ್ ಓದುತ್ತಾ ಕೂತಿರುತ್ತಾರೆ. ಮೊದಲೇ ಹೋಗಬಹುದಿತ್ತು, ನೆನಪೇ ಆಗಲಿಲ್ಲ. ಅವರು ಅಲಗನ್ನು ಹೆಬ್ಬೆರಳ ಉಗುರಿನ ಮೇಲೆ ಹಗೂರಕ್ಕೆ ಎಳೆದರು. ಎರಡು ಕಡೆ ಸಿಕ್ಕಿಕೊಂಡಿತು.

"ಏನಪ್ಪಾ, ತಾತನ ಕತ್ತೀನ ಗರಗಸ ಮಾಡಿದ್ದೀಯಲ್ಲಾ?"

"ಕಲ್ಲು ಒಳ್ಳೇದು ಅಂದ್ರು ಯಜಮಾನ್ರೇ."

"ಕಲ್ಲು ಒಳ್ಳೇದೇ ಇದ್ದಿರಬಹುದು. ಇದು ಊಟ ಆದ್ಮೇಲೆ ಹಾಕೋ ಎಲೆ ಅಡಿಕೆ ಕಣಪ್ಪಾ. ನೀನು ಅದರಲ್ಲೇ ಹೊಟ್ಟೆ ತುಂಬಿಸ್ಕೊಳ್ಳೋಕೆ ಹೋಗಿದ್ದೀಯ."

ಆಮೇಲೆ ಸ್ಟೀಲ್ ಸ್ಕೇಲ್ ತರಿಸಿ ಕಲ್ಲಿನ ಮೇಲೆ ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿದರು. ನಡುವೆ ಸಂದು ಕಾಣಿಸಿತು. ಸವೆದು ತಗ್ಗಾಗಿದೆ. 'ಬಳಸಿಯೇ ಇಲ್ಲ' ಅಂದಿದ್ದರಲ್ಲ! ಕಲ್ಲು ಹೀಗೆ ಗುಳಿ ಬಿದ್ದರೆ ಅಲಗು ನಡುವೆ ತಾಗುವುದೇ ಇಲ್ಲ, ಭಾರವೆಲ್ಲ ಅಂಚುಗಳ ಮೇಲೆ. ಒಂದು ಅಂಚಿನಲ್ಲಿ ಚಕ್ಕೆ ಎದ್ದ ಜಾಗ ಬೇರೆ. ನನಗೆ ಕೇಳಿಸಿದ 'ಟಿಕ್' ಅದೇ. ಇನ್ನು ನಾನು ಒತ್ತಿ ಎಳೆದದ್ದಕ್ಕೆ ಬೇರೆ ಶಿಕ್ಷೆ. ಆ ಕತ್ತಿಯ ಬಾಯಿ ಎಷ್ಟು ತೆಳು ಅಂದರೆ, ಒತ್ತಿದರೆ ಬಾಗುತ್ತದೆ. ಜಾಸ್ತಿ ಎಳೆದರೆ ತುದಿಯಲ್ಲಿ ಕಣ್ಣಿಗೆ ಕಾಣದ ಎಳೆ ಏಳುತ್ತದೆ. ಅದು ಮುಖದ ಮೇಲೆ ಮುರಿದಾಗ ಚರ್ಮ ಕೀಳುತ್ತದೆ.

ಆದರೂ ತಗೊಳ್ಳಲೇಬೇಕು ಅನ್ನುವವರು ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದ ಫೋಟೋ ಕೇಳಿ, ನಾಲ್ಕೂ ಮೂಲೆ ಕಾಣಬೇಕು. ಕೊಡಲ್ಲ ಅಂದರೆ ಬಿಟ್ಟುಬಿಡಿ. ಮನೆಗೆ ಬಂದ ಕಲ್ಲನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ತಿಕ್ಕಿ. ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಗೀಚಿ, ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಅನ್ನುವ ಉಪ್ಪು ಕಾಗದ ಇಟ್ಟು, ನೀರು ಹಾಕಿಕೊಂಡು ಗೆರೆ ಪೂರ್ತಿ ಅಳಿಯುವ ತನಕ ಉಜ್ಜಿ. ಮೊದಲು 220 ನಂಬರು, ಕೊನೆಗೆ 600ಕ್ಕಿಂತ ನಯವಾದದ್ದು. ಒಣಗಿದ್ದಾಗ ಉಜ್ಜಬೇಡಿ, ಆ ಧೂಳು ಎದೆಗೆ ಹೋಗುತ್ತದೆ. ಗಟ್ಟಿ ಕಲ್ಲಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ತೋಳು ಬಿದ್ದುಹೋಗುತ್ತದೆ. ಚೂಪು ಅಂಚುಗಳನ್ನೂ ಸ್ವಲ್ಪ ಉರುಟು ಮಾಡಿ. ಮಸೆಯುವಾಗ ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ, ಕತ್ತಿಯ ಭಾರ ಬಿಟ್ಟು ನಿಮ್ಮ ಭಾರ ಬೇಡ. ಐದಾರು ಸಲ ಎಳೆದು ತೊಗಲಿಗೆ ಹಾಕಿ ನೋಡಿ. ಪೂರ್ತಿ ಮೊಂಡಾದ ಕತ್ತಿಗೆ, ಮುಕ್ಕಾದ ಕತ್ತಿಗೆ ಇದು ಕಲ್ಲೇ ಅಲ್ಲ.

ನನ್ನ ಕತ್ತಿ ಈಗ ಯಜಮಾನರ ಹತ್ತಿರವೇ ಇದೆ. ಮುಕ್ಕು ಹೋಗಬೇಕಾದರೆ 1,000 ನಂಬರಿನ ಕಲ್ಲಿನಿಂದ ಶುರು ಮಾಡಿ 8,000ದ ತನಕ ಹೋಗಬೇಕಂತೆ. ಅಷ್ಟು ಕಬ್ಬಿಣ ಸವೆದೇ ಸವೆಯುತ್ತದೆ. "ಆತುರ ಮಾಡ್ಬೇಡ" ಅಂದಿದ್ದಾರೆ. ಮಾರಿದವರಿಗೆ ಫೋಟೋ ಸಮೇತ ಬರೆದೆ, ಬ್ಲಾಕ್ ಮಾಡಿದರು. ಮೊನ್ನೆ ಗೆಳೆಯನ ಫೋನಿನಲ್ಲಿ ಅವರ ಹೊಸ ಜಾಹೀರಾತು ನೋಡಿದೆ. ಬೇರೆ ಕಲ್ಲು, 2,200 ರೂಪಾಯಿ. ಹೆಬ್ಬೆರಳು ಮಾತ್ರ ಮತ್ತೆ ಮೂಲೆಯಲ್ಲೇ ಇದೆ.