ಏಳು ವರ್ಷ ಬಳಸಿದ ಪೆಟ್ರೋಲ್ ಕಾರು: ಅಡಿಯಲ್ಲಿ ಬಿದ್ದ ನೀರಿನ ವಿಚಾರ

ಬದಿಯಡ್ಕ ಸಮೀಪದ ನಮ್ಮ ಮನೆಯಲ್ಲಿ ಈ ಸಣ್ಣ ಪೆಟ್ರೋಲ್ ಕಾರು 7 ವರ್ಷಗಳಿಂದ ಇದೆ. ಕುಂಬಳೆಗೆ ಇಳಿದು ಹೆದ್ದಾರಿ ಹಿಡಿದು ಮಂಗಳೂರಿಗೆ ಹೋಗಿಬರುವುದೇ ಇದರ ಮುಖ್ಯ ಕೆಲಸ. ಇಂಜಿನ್, ಮೈಲೇಜುಗಳ ಬಗ್ಗೆ ದೂರಿಲ್ಲ. ಕಾರಿನಡಿ ಬೀಳುವ ನೀರಿನ ವಿಷಯವನ್ನು ಮಾತ್ರ ವಿವರವಾಗಿ ಬರೆಯಬೇಕೆನಿಸಿದೆ.

ಮೊದಲ ಬೇಸಿಗೆಯಲ್ಲಿ, ಅಡಕೆ ಒಣಹಾಕಿದ್ದ ಅಂಗಳದ ಬದಿಗೆ ಕಾರು ನಿಲ್ಲಿಸಿದಾಗ, ಮುಂಭಾಗದ ಎಡಗಡೆಯಲ್ಲಿ ಒಂದು ಲೋಟದಷ್ಟು ನೀರು ಕಂಡು ಗಾಬರಿಯಾಗಿತ್ತು. ಬೆರಳಿಗೆ ಹಚ್ಚಿ ನೋಡಿದರೆ ಬಣ್ಣವಿಲ್ಲ, ವಾಸನೆಯಿಲ್ಲ, ಜಿಡ್ಡಿಲ್ಲ. ಅದು ಏಸಿಯ ನೀರು. ಡ್ಯಾಶ್‌ಬೋರ್ಡಿನ ಒಳಗಿರುವ ತಣ್ಣನೆಯ ಇವಾಪೊರೇಟರಿನ (ಗಾಳಿಯನ್ನು ತಣಿಸುವ ಭಾಗದ) ಮೇಲೆ ಗಾಳಿಯ ತೇವ ಹನಿಗಟ್ಟಿ, ಸಣ್ಣ ಕೊಳವೆಯ ಮೂಲಕ ಕೆಳಗಿಳಿಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ನೀರೂ ಹೆಚ್ಚು. ಮಾಗಿಯ ಬೆಳಿಗ್ಗೆ ಸೈಲೆನ್ಸರಿನ ತುದಿಯಿಂದ ಬೀಳುವ ಹನಿಗಳಿಗೂ ಹೆದರಬೇಕಿಲ್ಲ: ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ.

ನಾಲ್ಕನೆಯ ವರ್ಷ, ಮಳೆಗಾಲ ಮುಗಿದ ಮೇಲೆ, ಏಸಿಯ ನೀರು ಬೀಳುವುದೇ ನಿಂತಿತು. ನಾನು ಅದನ್ನು ಗಮನಿಸಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅಮ್ಮ ಕಾಲಡಿಯ ಮ್ಯಾಟ್ ಒದ್ದೆಯಾಗಿದೆ ಎಂದಾಗಲೇ, ಕೊಳವೆಯಲ್ಲಿ ಕೆಸರು ಕಟ್ಟಿ ನೀರು ಒಳಗೇ ಇಳಿಯುತ್ತಿದೆ ಎಂದು ತಿಳಿದದ್ದು. ಮೆಕ್ಯಾನಿಕ್ ಕೆಳಗಿನಿಂದ ಗಾಳಿ ಊದಿ 10 ನಿಮಿಷದಲ್ಲಿ ಸರಿಪಡಿಸಿದರು. ಆದರೆ ಕಾರ್ಪೆಟ್ಟಿನ ಅಡಿಯ ಸ್ಪಂಜು ಒಣಗಿ ಮುಗ್ಗಲು ವಾಸನೆ ಹೋಗಲು ಎರಡು ವಾರ ಬೇಕಾಯಿತು. ನಮ್ಮ ಮಣ್ಣಿನ ರಸ್ತೆಗಳಿಗೆ ಈ ಕೊಳವೆಯ ಬಾಯಿ ತೀರ ಕಿರಿದು. ಕಾರಿನ ವಿನ್ಯಾಸದಲ್ಲಿ ನಾನು ಎತ್ತಿ ಹೇಳುವ ಕೊರತೆ ಇದೊಂದೇ.

ಆರನೆಯ ವರ್ಷದ ಹನಿ ಬೇರೆಯದು. ಏಸಿ ಹಾಕದ ದಿನವೂ ಬಿತ್ತು. ತಿಳಿಹಸಿರು ಬಣ್ಣ, ಮುಟ್ಟಿದರೆ ಜಾರುವ ಗುಣ, ಸಿಹಿಯಾದ ವಾಸನೆ. ಇದು ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಇಂಜಿನ್ ಪೂರ್ತಿ ತಣಿದ ಮೇಲೆ ನೋಡಿದರೆ ಕೂಲೆಂಟ್ ಟ್ಯಾಂಕಿನ ಮಟ್ಟ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ರಾತ್ರಿ ಕಾರಿನಡಿ ರಟ್ಟು ಹಾಸಿಟ್ಟೆ. ಬೆಳಿಗ್ಗೆ ಕಲೆ ಇದ್ದದ್ದು ರೇಡಿಯೇಟರಿನ ಕೆಳಗಿನ ಹೋಸಿನ ನೇರಕ್ಕೆ. ಒಂದು ಸರ್ವಿಸ್ ಸೆಂಟರಿನಲ್ಲಿ ಯಾವ ಪರೀಕ್ಷೆಯನ್ನೂ ಮಾಡದೆ ರೇಡಿಯೇಟರನ್ನೇ ಬದಲಿಸಬೇಕೆಂದರು. ಒಪ್ಪದೆ ಊರಿನ ಗ್ಯಾರೇಜಿಗೆ ಒಯ್ದೆ. ಅಲ್ಲಿ ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದಾಗ ಹೋಸಿನ ತುದಿ ಬಿರಿದು, ಕ್ಲಿಪ್ ಸಡಿಲಾಗಿದ್ದುದು ಕಣ್ಣಿಗೇ ಕಂಡಿತು. ಹೋಸ್, ಕ್ಲಿಪ್, ಹೊಸ ಕೂಲೆಂಟ್, ಇಷ್ಟರಲ್ಲಿ ಕೆಲಸ ಮುಗಿಯಿತು.

ಇಲ್ಲಿ ಎರಡು ಮಾತನ್ನು ಒತ್ತಿ ಹೇಳಬೇಕು. ಕಾದ ಇಂಜಿನಿನ ರೇಡಿಯೇಟರ್ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಬೆಕ್ಕುಗಳು ನೆಕ್ಕಿದರೆ ಸಾಯಬಹುದು. ನಮ್ಮ ನಾಯಿಯನ್ನು ಕಟ್ಟಿಹಾಕಿ, ಅಂಗಳಕ್ಕೆ ಬಿದ್ದದ್ದನ್ನು ಮರದ ಹುಡಿಯಲ್ಲಿ ಹೀರಿಸಿ ತೆಗೆದ ಮೇಲೆಯೇ ನಾನು ಗ್ಯಾರೇಜಿಗೆ ಹೊರಟದ್ದು.

ಹೋಸ್ ಬದಲಿಸಿ ಒಂದು ವರ್ಷವಾಯಿತು, ಟ್ಯಾಂಕಿನ ಮಟ್ಟ ಇಳಿದಿಲ್ಲ. ಮಳೆಗಾಲ ಮುಗಿದ ಕೂಡಲೇ ಏಸಿಯ ಕೊಳವೆಯನ್ನು ಈಗ ತಪ್ಪದೆ ಊದಿಸುತ್ತೇನೆ.