ಗುಣಾಕಾರದ ಒಳಗುಟ್ಟು ನೋಡಲು: ಕಂಪೈಲರ್ ಎಕ್ಸ್‌ಪ್ಲೋರರ್

ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಶುರುಮಾಡಿದ ಉಚಿತ ತಾಣ. ಎಡಗಡೆ ಸಿ ಕೋಡ್ ಬರೆದರೆ ಬಲಗಡೆ ಅಸೆಂಬ್ಲಿ (ಕಂಪೈಲರ್ ಅದರಿಂದ ತಯಾರಿಸುವ ಪ್ರೊಸೆಸರ್ ಆದೇಶಗಳು) ಕಾಣುತ್ತದೆ. ಮೊದಲು ಕೋಡನ್ನು ಆಪ್ಟಿಮೈಸ್ ಮಾಡುವ, ಅಂದರೆ ಚುರುಕುಗೊಳಿಸುವ, ‘-ಓ2’ ಆಯ್ಕೆ ಹಾಕಿ. ಇಲ್ಲದಿದ್ದರೆ ಕಾಣುವುದು ಬರೀ ಸ್ಟ್ಯಾಕ್‌ಗೆ (ತಾತ್ಕಾಲಿಕ ಮೆಮೊರಿಗೆ) ಇಟ್ಟು ತೆಗೆಯುವ ಗಲಾಟೆ.

ಎಕ್ಸ್86-64ರಲ್ಲಿ (ಇಂಟೆಲ್, ಎಎಂಡಿಗಳ 64 ಬಿಟ್ ಪ್ರೊಸೆಸರ್) 5ರಿಂದ ಗುಣಿಸಿದರೆ ಒಂದೇ ‘ಎಲ್‌ಇಎ’, ಅಂದರೆ ವಿಳಾಸ ಲೆಕ್ಕಹಾಕುವ ಆದೇಶ. ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆಯನ್ನು 10ರಿಂದ ಭಾಗಿಸಿದರೆ ಭಾಗಾಕಾರವೇ ಇಲ್ಲ: 3435973837ರಿಂದ ಗುಣಿಸಿ 35 ಬಿಟ್ ಬಲಕ್ಕೆ ಸರಿಸುತ್ತದೆ.

ನಿಜವಾದ ಮಜಾ 64 ಬಿಟ್‌ನ ಎರಡು ಸಂಖ್ಯೆಗಳ ಪೂರ್ಣ ಗುಣಲಬ್ಧದಲ್ಲಿದೆ. ಜಿಸಿಸಿ ಕಂಪೈಲರ್‌ನಲ್ಲಿ ಒಂದು ಸಂಖ್ಯೆಯನ್ನು ಗುಣಿಸುವ ಮೊದಲೇ ಚಿಹ್ನೆಯಿಲ್ಲದ 128 ಬಿಟ್ ಟೈಪ್‌ಗೆ ಬದಲಿಸಿ: ಒಂದೇ ‘ಎಂಯುಎಲ್’ ಗುಣಾಕಾರ ಆದೇಶ, ಮೇಲಿನ ಅರ್ಧ ಆರ್‌ಡಿಎಕ್ಸ್ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ). 64 ಬಿಟ್ ಆರ್ಮ್ ಪ್ರೊಸೆಸರ್‌ನಲ್ಲಿ ಮೇಲಿನರ್ಧಕ್ಕೆ ‘ಯುಎಂಯುಎಲ್‌ಎಚ್’ ಆದೇಶ ಸಾಕು. ಗುಣಿಸಿದ ಮೇಲೆ ಟೈಪ್ ಬದಲಿಸಿದರೆ ಮೇಲಿನರ್ಧ ಸೊನ್ನೆ, ಎಚ್ಚರಿಕೆಯೂ ಇಲ್ಲ. 32 ಬಿಟ್ ಕೋಡ್ ಕೇಳುವ ‘-ಎಂ32’ ಹಾಕಿದರೆ ಆ ಟೈಪೇ ಸಿಗದೆ ದೋಷ ಬರುತ್ತದೆ. ಅಲ್ಲಿ 64 ಬಿಟ್‌ನ ಸಾಮಾನ್ಯ ಗುಣಾಕಾರಕ್ಕೇ ಮೂರು ಗುಣಾಕಾರ, ಜೊತೆಗೆ ಕೂಡಿಕೆ. ಮೇಲಿನರ್ಧಗಳೆರಡರ ಗುಣಲಬ್ಧ 64 ಬಿಟ್ ದಾಟಿಹೋಗುವುದರಿಂದ ನಾಲ್ಕನೆಯದು ಬೇಕಿಲ್ಲ.

32 ಬಿಟ್ ತುಂಡುಗಳಾಗಿ ಕೈಯಾರೆ ಒಡೆದು ಬರೆದ ಹಳೇ ಕೋಡನ್ನು ಕಂಪೈಲರ್‌ನ ಕೆಲವು ಆವೃತ್ತಿಗಳು ಪೂರ್ಣ ಗುಣಾಕಾರವೆಂದು ಗುರುತಿಸುವುದಿಲ್ಲ. ಎರಡು ಕಂಪೈಲರ್ ಕಿಟಕಿ ಅಕ್ಕಪಕ್ಕ ತೆರೆದು ನೋಡಿ. ನಾಲ್ಕು ಗುಣಾಕಾರ ಹಾಗೇ ಉಳಿದಿದ್ದರೆ 128 ಬಿಟ್ ಟೈಪ್‌ಗೇ ಹೋಗಿ.

ಕೊರತೆ? ಆಪ್ಟಿಮೈಸ್ ಆದಮೇಲೆ ಸಿ ಸಾಲಿಗೆ ಅಸೆಂಬ್ಲಿ ಸಾಲು ಹೊಂದಿಸಿ ತೋರಿಸುವ ಬಣ್ಣಗಳು ಕಲಸುಮೇಲೋಗರ. ಸಾಲು ಕಡಿಮೆಯಾದ ಮಾತ್ರಕ್ಕೆ ವೇಗ ಹೆಚ್ಚೆಂದಲ್ಲ. ವೇಗದ ಅಂದಾಜಿಗೆ ಅಲ್ಲೇ ಎಲ್‌ಎಲ್‌ವಿಎಂ-ಎಂಸಿಎ ಎಂಬ ಸಾಧನ ಇದೆ, ನಿಜವಾದ ಅಳತೆ ನಿಮ್ಮ ಯಂತ್ರದಲ್ಲೇ ಆಗಬೇಕು.